ವಯಸ್ಸು ನಿಲ್ಲಿಸಿದ ಸಾಹುಕಾರ

ತಾಯಂದಿರೇ, ಅಣ್ಣಂದಿರೇ, ಒಂದು ಪೇಟೆಯಲ್ಲಿ ಮೈಸೂರು ಪಾಕು ಮಾಡಿಯೇ ಶ್ರೀಮಂತನಾದ ಒಬ್ಬ ಸಾಹುಕಾರನಿದ್ದ. ಆಳುಕಾಳು ಎಷ್ಟಿದ್ದರೂ ಒಲೆಯ ಮುಂದೆ ನಿಲ್ಲುವವನು ಅವನೇ. ಬಾಣಲೆ ಇಳಿಸುವುದು ಚೂರು ತಡವಾದರೆ ಪಾಕು ಕಲ್ಲಾಗುತ್ತದೆ, ಗೊತ್ತಲ್ಲ? ಆ ಗಳಿಗೆ ತನಗೊಬ್ಬನಿಗೇ ತಿಳಿಯುತ್ತದೆಂದು ಅವನ ನಂಬಿಕೆ. ಒಬ್ಬಳೇ ಮಗಳು ಚಿಕ್ಕಂದಿನಿಂದ ಡಬ್ಬಿಗಳಿಗೆ ದಾರ ಕಟ್ಟುತ್ತಿದ್ದಳು. ಸಟ್ಟುಗ ಹಿಡಿಯಲು ಬಂದರೆ, "ನಿಂಗಿನ್ನೂ ಕೈ ಕೂತಿಲ್ಲ, ಆಮೇಲೆ ನೋಡೋಣ" ಎನ್ನುತ್ತಿದ್ದ. ಆ ಆಮೇಲೆ ಬರಲೇ ಇಲ್ಲ.

ಸಾಹುಕಾರನಿಗೆ ವಯಸ್ಸಾಯಿತು, ತೋಳು ಸೋತಿತು. ಪಾಕು ಗಟ್ಟಿಯಾಗತೊಡಗಿತು, ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಆ ಅಂಗಡಿಯವರು ಮಗಳಿಗೆ, ಒಲೆ ಕೆಲಸ ಕಲಿಸುತ್ತೇವೆ, ನಮ್ಮಲ್ಲಿಗೆ ಬಾ ಎಂದರು. ಅವಳು ಯೋಚಿಸುತ್ತಿದ್ದಳು. ಅದು ಗೊತ್ತಿದ್ದೂ ಸಾಹುಕಾರ ಗೊತ್ತಿಲ್ಲದವನಂತಿದ್ದ.

ಸಂಜೆ ಬೇಸರ ಕಳೆಯಲು ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ಆಡುತ್ತಿದ್ದ. ಮಂಡಿ ನೋವಿನವನು ಸುಮ್ಮನೆ ಕೂರಲಿ ಎಂದು ಮಗಳೇ ಹಾಕಿಕೊಟ್ಟಿದ್ದಳು. ಕ್ರಿಕೆಟ್ ಇರಲಿಲ್ಲವೇ ಎಂದು ಕೇಳಬೇಡಿ, ಪುಕ್ಕಟೆ ಸಿಕ್ಕಿದ್ದು ಅದು. ಅಲ್ಲಿ ನಾವು ಬ್ಯಾಟು ಬೀಸುವುದಿಲ್ಲ, ತಂಡದ ಯಜಮಾನನಾಗಿ ಯಾರು ಆಡಬೇಕೆಂದು ಹೇಳುತ್ತೇವೆ ಅಷ್ಟೆ. ಒಂದು ಸಂಜೆಗೆ ಅಲ್ಲಿ ಒಂದು ವರ್ಷ ಉರುಳುತ್ತದೆ, ಆಟಗಾರರಿಗೂ ವಯಸ್ಸಾಗುತ್ತದೆ. ಸಾಹುಕಾರನಿಗೆ ಅಚ್ಚುಮೆಚ್ಚಿನ ಒಬ್ಬ ದಾಂಡಿಗನಿದ್ದ. ಅವನಿಗೆ ಮೊದಲು ಕಾಲು ನಿಧಾನವಾಯಿತು, ಆಮೇಲೆ ಹೊಡೆತದ ಬಲ ಇಳಿಯಿತು. ಚೆಂಡನ್ನು ಗುರುತಿಸುವ ಕಣ್ಣು ಮಾತ್ರ ಉಳಿಯಿತು. ಏನು ಪ್ರಯೋಜನ ನೋಡಿ, ಚೆಂಡು ಕಾಣುತ್ತದೆ, ಕೈ ಏಳುವುದಿಲ್ಲ.

ಸಾಹುಕಾರನಿಗೆ ಸಂಕಟವಾಯಿತು. ಹುಡುಕಿ ಹುಡುಕಿ, ವಯಸ್ಸಾಗುವುದನ್ನೇ ನಿಲ್ಲಿಸುವ ಒಂದು ಗುಂಡಿ ಕಂಡುಹಿಡಿದು ಒತ್ತಿಬಿಟ್ಟ. ನಗಬೇಡಿ. ಅಂಥ ಗುಂಡಿ ಸಿಕ್ಕರೆ ನೀವು ಬಿಡುತ್ತೀರಾ? ಈ ಮಂಡಿ ಇಟ್ಟುಕೊಂಡು ನಾನೂ ಬಿಡಲಾರೆ.

ಆಟದಲ್ಲಿ ವರ್ಷಗಳು ಉರುಳಿದವು, ತಂಡ ಸೋಲುತ್ತಲೇ ಹೋಯಿತು. ಒಂದು ಸಂಜೆ ಅವನು ಮಗಳನ್ನು ಕೂಗಿದ.

"ನಮ್ಮ ತಂಡದ ಈ ಎಳೆ ಹುಡುಗನ್ನ ನೋಡು. ಇಷ್ಟು ವರ್ಷ ಆದ್ರೂ ಸ್ವಲ್ಪಾನೂ ಬೆಳೆದಿಲ್ವಲ್ಲ."

"ನೀನೇ ವಯಸ್ಸು ನಿಲ್ಸಿದೀಯಲ್ಲಪ್ಪ," ಎಂದಳು ಮಗಳು, ಡಬ್ಬಿಯ ದಾರ ಬಿಗಿಯುತ್ತಾ. "ನಿಲ್ಸಿದ್ರೆ ಎಲ್ರಿಗೂ ನಿಲ್ಲತ್ತೆ. ಮುದುಕ್ರು ಇಳಿಯಲ್ಲ, ಹುಡುಗ್ರು ಏರಲ್ಲ."

ಅವಳು ಆಟದ ಮಾತನ್ನಷ್ಟೇ ಆಡಿದ್ದಳು. ಸಾಹುಕಾರ ತಲೆಯೆತ್ತಿ ಅವಳನ್ನು ನೋಡಿದ. ಬೈತಲೆಯ ಎರಡೂ ಕಡೆ ಕೂದಲು ನರೆತಿತ್ತು. ದಾರ ಕಟ್ಟುತ್ತಲೇ ಮಗಳು ಮುದುಕಿಯಾಗುತ್ತಿದ್ದಾಳೆ ಎಂದು ಅವನಿಗೆ ಆಗ ಹೊಳೆಯಿತು. ನಿಂತ ವಯಸ್ಸು ಮತ್ತೆ ಓಡಲಿ ಎಂದು ಗುಂಡಿಯನ್ನು ಇನ್ನೊಮ್ಮೆ ಒತ್ತಿದ. ಮೆಚ್ಚಿನ ದಾಂಡಿಗ ಆ ವರ್ಷವೇ ಆಟ ಬಿಟ್ಟ. ಸಾಹುಕಾರ ಕೂತು ಅತ್ತ.

ಮರುದಿನ ಬೆಳಿಗ್ಗೆ ಸಟ್ಟುಗವನ್ನು ಮಗಳ ಕೈಗೆ ಕೊಟ್ಟ. ಮೊದಲ ಬಾಣಲೆ ಏನಾಯಿತು ಹೇಳಿ? ಕಲ್ಲಾಯಿತು. ಕಲಿಸಿದ್ದರಲ್ಲವೇ ಬರುವುದು? ಮಗಳ ಕಣ್ಣು ತುಂಬಿತು. ಸಾಹುಕಾರ ಆ ಕಲ್ಲಿನ ತುಂಡನ್ನೇ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚೀಪಿದ.

"ಇನ್ನೊಂದು ಬಾಣ್ಲೆ ಇಡವ್ವ. ನಾನು ಪಕ್ಕದಲ್ಲೇ ನಿಂತ್ಕೋತೀನಿ. ನಂಗೆ ಕಣ್ಣು ಉಳಿದಿದೆ, ಯಾವಾಗ ಇಳಿಸ್ಬೇಕು ಅಂತ ಹೇಳ್ತೀನಿ."

ಅವಳು ಎದುರಿನ ಅಂಗಡಿಗೆ ಹೋಗಲಿಲ್ಲ.

ಈಗ ನಿಮ್ಮ ಮಾತು. ನಿಮ್ಮ ಮನೆಯ ಸಟ್ಟುಗ ಯಾರ ಕೈಯಲ್ಲಿದೆ? ಬೀಗದ ಕೈ ಯಾರ ಸೊಂಟದಲ್ಲಿದೆ? ದಣಿದಿದ್ದೀರಿ, ನನಗೆ ಕಾಣುತ್ತದೆ, ನಾನೂ ದಣಿದಿದ್ದೇನೆ. ದಣಿದರೂ ಬಿಡುವುದಿಲ್ಲ, ಬೇರೆಯವರಿಗೆ ಬರುವುದಿಲ್ಲ ಎನ್ನುತ್ತೀರಿ. ಎಲ್ಲಿಂದ ಬರಬೇಕು? ನಾಳೆ ಬೆಳಿಗ್ಗೆ ಒಂದು ಕೆಲಸ, ಒಂದೇ ಒಂದು ಕೆಲಸ, ಕೈಬಿಟ್ಟು ಪಕ್ಕದಲ್ಲಿ ನಿಲ್ಲಿ. ಸೊಸೆ ಮಾಡಿದ ಸಾರು ಉಪ್ಪಾಗಲಿ, ಮಗ ಹಾಕಿದ ಬೇಲಿ ಸೊಟ್ಟಗಾಗಲಿ, ಬೈಯಬೇಡಿ. ಕೆಟ್ಟದ್ದನ್ನು ತಿನ್ನಿ. ತಿಂದು, ಇನ್ನೊಂದು ಬಾಣಲೆ ಇಡಲು ಹೇಳಿ.