ಕೆಂಪು ಮಾರುತಿಗೆ ಕೇಳಿದ ಹೂವು

ಅಮೀರ್ ಬೀ ಗಂಡ ಅಲ್ಲಾಉದ್ದೀನ್, ವಯಸ್ಸು 59 ವರ್ಷ, ಉದ್ಯೋಗ ಬಳೆ ವ್ಯಾಪಾರ, ವಾಸ ಬಜಾರ್ ಓಣಿ, ಮಾನವಿ. ಇಂದು ನಾನೇ ಠಾಣೆಗೆ ಬಂದು ಸಾಹೇಬರ ಮುಂದೆ ಕುಳಿತು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮದು 1996ರ ಕೆಂಪು ಮಾರುತಿ 800 ಕಾರು ಇರುತ್ತದೆ. ಇಷ್ಟು ವರ್ಷದಲ್ಲಿ ಓಡಿದ್ದು 19,412 ಕಿ.ಮೀ. ಮಾತ್ರ. ಮನೆಗೂ ಅಂಗಡಿಗೂ ಒಂದು ಬೀಡಿ ಸೇದುವಷ್ಟು ದಾರಿ. ಓಣಿಯ ಹೆಣ್ಣುಮಕ್ಕಳನ್ನು ಮದುವೆಯ ದಿನ ಗಂಡನ ಮನೆಗೆ ಬಿಡಲು ಮಾತ್ರ ನನ್ನ ಗಂಡ ಅದನ್ನು ಹೊರಗೆ ತೆಗೆಯುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ, ಬಾಡಿಗೆಯನ್ನೂ ಕೇಳುತ್ತಿರಲಿಲ್ಲ. ಈಗ ಅವರ ಕಣ್ಣು ಮಂಜಾದ ಕಾರಣ ಮಾರಾಟಕ್ಕೆ ಇಟ್ಟೆವು. ರೈಸ್ ಮಿಲ್ಲಿನ ವಿರೂಪಣ್ಣನವರು ನೋಡಿ ಬಹುತೇಕ ಒಪ್ಪಿದ್ದರು.

ದಿನಾಂಕ 9-2-2025ರ ಭಾನುವಾರ ಬೆಳಿಗ್ಗೆ 7 ಗಂಟೆ ಸುಮಾರಿಗೆ ದೇವದುರ್ಗದ ಪ್ರಭುರಾಜ ಎಂಬಾತ, ಫೋನಿನಲ್ಲಿ ಕಾರಿನ ಫೋಟೋ ನೋಡಿದ್ದಾಗಿ ಹೇಳಿ ಬಂದನು. ಬಾನೆಟ್ಟಿನ ಮೇಲೆ ಕೈಯಾಡಿಸಿದನು, ಚಹಾ ಕುಡಿದನು. ಕಾರು ಹಿಡಿಸಿದೆ, ಆದರೆ ಮನೆದೇವರು ಮಲ್ಲಯ್ಯನಿಗೆ ಹೂ ಕೇಳದೆ ತಮ್ಮಲ್ಲಿ ಏನನ್ನೂ ಕೊಳ್ಳುವುದಿಲ್ಲ ಎಂದನು. ದೇವರ ತಲೆಯ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಊರ ಹೊರಗಿನ ಮಲ್ಲಯ್ಯನ ಗುಡಿ ನಮ್ಮ ಮನೆಯಿಂದ 3 ಕಿ.ಮೀ. ಇರುತ್ತದೆ. "ಯವ್ವಾ, ಗಾಡಿನ ದೇವ್ರ ಮುಂದ ತರಲಾರದ ಹೂ ಹೆಂಗ ಕೇಳಬೇಕ್ರಿ" ಎಂದು ಕೀಲಿ ಕೇಳಿದನು. ಬೇರೆ ಏನು ಹೇಳಿದ್ದರೂ ಕೊಡುತ್ತಿರಲಿಲ್ಲ. ದೇವರ ಹೆಸರು ಬಂದ ಮೇಲೆ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಜೊತೆಗೆ ಹೊರಟ ಗಂಡನನ್ನೂ, ದೇವರ ಕೆಲಸದಲ್ಲಿ ಅನುಮಾನ ಬೇಡವೆಂದು ನಾನೇ ತಡೆದೆನು.

ಒಂದು ತಾಸೆಂದವನು ಸಂಜೆ 6 ಗಂಟೆಗೆ ಬಂದನು. ಸೀಟಿನ ತುಂಬ ಗುಲಾಬಿ ಪಕಳೆ, ಬಾನೆಟ್ಟಿನ ಮೇಲೆ ಚಪ್ಪಲಿ ಹಿಮ್ಮಡಿಯ ಗೀರು. ಮೀಟರ್ 94 ಕಿ.ಮೀ. ಏರಿತ್ತು. ಕೇಳಿದ್ದಕ್ಕೆ ಬಜಾರಿನ ಜನರ ಮುಂದೆ, "ಹೂ ಎಡಕ್ಕ ಬಿತ್ತು. ದೇವ್ರೇ ಬ್ಯಾಡಂದ ಮ್ಯಾಲ ನಾ ಏನ್ ಮಾಡ್ಲಿ" ಎಂದು ಕೂಗಿ, ಕೀಲಿ ಎಸೆದು, ಹಿಂದೆಯೇ ಬಂದಿದ್ದ ಗೆಳೆಯನ ಬೈಕ್ ಹತ್ತಿ ಹೋದನು.

ಮರುದಿನವೇ ವಿರೂಪಣ್ಣನವರು ಬಂದು, "ಸಿಟ್ಟಾಗಬ್ಯಾಡ್ರಿ, ಮಲ್ಲಯ್ಯ ಒಲ್ಲೆ ಅಂದ ಗಾಡಿ ನಾ ಹೆಂಗ ಮನಿಗೆ ತರ್ಲಿ" ಎಂದರು. ಆಮೇಲೆ ಯಾರೂ ನೋಡಲು ಸಹ ಬಂದಿಲ್ಲ. ಅಷ್ಟು ಮದುಮಕ್ಕಳು ಕುಳಿತ ಕಾರಿಗೆ ಅಪಶಕುನದ ಹೆಸರು ಬಂತು. ದಿನಾ ಬೆಳಿಗ್ಗೆ ಕಾರು ಒರೆಸುತ್ತಿದ್ದ ನನ್ನ ಗಂಡ ಅದರ ಹೊದಿಕೆ ತೆಗೆಯುವುದನ್ನೇ ಬಿಟ್ಟಿದ್ದಾರೆ.

ದಿನಾಂಕ 16ರಂದು ರಾಯಚೂರಿನಲ್ಲಿರುವ ನನ್ನ ತಂಗಿಯ ಮಗಳು ಗುಲ್ನಾಜ್ ಒಂದು ಫೋಟೋ ಕಳಿಸಿದಳು. ರಾಯಚೂರು ಕೋಟೆ ಬಾಗಿಲ ಮುಂದೆ ನಮ್ಮ ಕಾರು, ನಂಬರ್ ಸ್ಪಷ್ಟ. ಬಾನೆಟ್ಟಿನ ಮೇಲೆ ಕಪ್ಪು ಕನ್ನಡಕದ ಪ್ರಭುರಾಜ ಮತ್ತು ಆತ ಮದುವೆಯಾಗುವ ಹುಡುಗಿ. ಮದುವೆ ಮುಂಚಿನ ಫೋಟೋ ಎಂದು ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ, ಕೆಳಗೆ 'ನಮ್ಮಜ್ಜನ ಕಾರು' ಎಂದು ಬರೆದಿದ್ದನು. ನನ್ನ ಗಂಡ ಯಾರ ಅಜ್ಜನೂ ಅಲ್ಲ. ಫೋನ್ ಮಾಡಿದರೆ, "ಒಂದಿನ ಫೋಟೋ ಹೊಡಿಸ್ಕಂಡ್ರ ನಿಮ್ಮ ಗಾಡಿ ಸವದು ಹೋತೇನು" ಎಂದು ನನಗೇ ಬೈದನು. ನನ್ನ ಮದುವೆ ಇದೆ ಯವ್ವಾ ಎಂದು ಬಾಯಿಬಿಟ್ಟು ಕೇಳಿದ್ದರೆ, ಒರೆಸಿ, ಹೂ ಕಟ್ಟಿ ಕೊಡುತ್ತಿದ್ದೆವು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ನಿನ್ನೆ ನಾನು ಮಲ್ಲಯ್ಯನ ಗುಡಿಗೆ ಹೋಗಿ ಪೂಜಾರಿ ಪರಮಣ್ಣನವರನ್ನು ಕೇಳಿದೆನು. ಆ ಭಾನುವಾರ ಮುಂಜಾನೆಯಿಂದ ಸಂಜೆತನಕ ತಾವು ಅಲ್ಲೇ ಇದ್ದು, ಯಾವ ಕಾರೂ ಬಂದಿಲ್ಲವೆಂದು ಹೇಳಿದರು. "ಬಂದೀದಿ ಯವ್ವಾ, ನೀನೇ ಒಂದು ಮಾತು ಕೇಳಿಬಿಡು" ಎಂದರು. ತಲೆ ಮೇಲೆ ಸೆರಗು ಹೊದ್ದು, ನಮ್ಮ ಕಾರಿಗೆ ನಿನ್ನ ಒಪ್ಪಿಗೆ ಇದೆಯೇ ಎಂದು ಕೇಳಿದೆನು. ಹೂ ಬಲಕ್ಕೆ ಬಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಇಬ್ಬರೂ ಕೊಟ್ಟರು, ಗಿರಾಕಿ ಕೆಡಿಸಿದನು.

ಆದ್ದರಿಂದ ಸದರಿ ಪ್ರಭುರಾಜನನ್ನು ಕರೆಸಿ, ಸುಳ್ಳು ಕೂಗಿದ ಜಾಗದಲ್ಲೇ ನಿಲ್ಲಿಸಿ, ಹೂ ಕೇಳಿಯೇ ಇಲ್ಲವೆಂದು ಅಷ್ಟೇ ಜೋರಾಗಿ ಹೇಳಿಸಬೇಕು. ನನಗೆ ಬೇರೇನೂ ಬೇಡ.

ಬಲಕ್ಕೆ ಬಿದ್ದ ಹೂವಿನ ಮಾತು ಸಾಕ್ಷಿಯಾಗದು, ಬರೆಯಲು ಬರುವುದಿಲ್ಲ ಎಂದು ಸಾಹೇಬರು ಹೇಳಿದರು. ಬೀಳದೇ ಇದ್ದ ಹೂವನ್ನು ಊರೆಲ್ಲ ನಂಬಿರುವಾಗ, ನನ್ನ ಕಣ್ಣೆದುರು ಬಿದ್ದ ಹೂವನ್ನು ಠಾಣೆಯಾದರೂ ಬರೆದುಕೊಳ್ಳಬೇಕೆಂದು ಹಠ ಹಿಡಿದು ಬರೆಸಿರುತ್ತೇನೆ.

ಬರೆದದ್ದನ್ನು ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಮಾನವಿ
ದಿನಾಂಕ: 18-2-2025
ಸಹಿ/- ಅಮೀರ್ ಬೀ