ಕಣ್ಣು ಮುಚ್ಚಿಕೊಂಡು ಮೃಗಾಲಯ

ಮೃಗಾಲಯದ ಎದುರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ದರ್ಜಿ ಕೂತಿದ್ದ. ಅವಸರದಲ್ಲಿ ಅಂಗಡಿ ಮುಚ್ಚಿ ಬಂದಿರಬೇಕು, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಜೊತೆಗೆ ಏಳೆಂಟು ವರ್ಷದ ಅಕ್ಕನ ಮಗಳು.

"ಬೆಳಿಗ್ಗೆಯಿಂದ ಸುತ್ತಿದೀವಿ. ಏನು ನೋಡಿದೆ ಹೇಳು."

"ಇರುವೆ."

"ಇರುವೆ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ನನ್ನ ಅಂಗಡಿ ಮೆಟ್ಟಿಲ ಮೇಲೆ ಬೇಕಾದಷ್ಟಿವೆ."

"ಅಳಿಲೂ ನೋಡಿದೆ ಮಾವ."

"ಆನೆ ತೋರಿಸೋಣ ಅಂತ ಎತ್ಕೊಂಡ್ರೆ ಕಣ್ಣು ಮುಚ್ಕೊಂಡೆ. ಹುಲಿ ಹತ್ರಾನೂ ಅದೇ ಕಥೆ. ಹೆದರಿಕೆನಾ?"

"ಇಲ್ಲ."

"ಮತ್ತೇನು ರೋಗ ನಿಂಗೆ? ನಿನಗೋಸ್ಕರ ಒಂದು ರಾಶಿ ಯೂನಿಫಾರಂ ಹಾಗೇ ಬಿಟ್ಟು ಬಂದಿದೀನಿ ಕಣೇ. ತಲೆ ಚಿಟ್ಟು ಹಿಡಿಸಬೇಡ."

ಹುಡುಗಿ ಸ್ವಲ್ಪ ಹೊತ್ತು ಕಾಲು ಅಲ್ಲಾಡಿಸಿದಳು.

"ಹೋದ ಸಲ ಮೀನಿನ ಮನೇಲಿ ಒಂದೂ ಬಿಡದೆ ನೋಡಿದ್ನಲ್ಲಾ?"

"ನೋಡಿದೆ. ಅದಕ್ಕೇನೀಗ?"

"ಇನ್ನೊಂದು ಸಲ ಹೋಗೋಣ ಅಂದ್ರೆ, ಎಲ್ಲಾ ನೋಡಾಯ್ತಲ್ಲ, ಮತ್ಯಾಕೆ ಅಂದೆ. ಆಮೇಲೆ ಎಷ್ಟೋ ದಿನ ಮನೆ ಕಡೇನೇ ಬರ್ಲಿಲ್ಲ ನೀನು."

ದರ್ಜಿ ಕೊರಳಿನ ಟೇಪು ಆಗಷ್ಟೇ ಕಂಡಿತೆಂಬಂತೆ ತೆಗೆದು ಜೇಬಿಗೆ ತುರುಕಿದ. ಬಸ್ಸು ಬಂದು ನಿಂತಿತು.

"ಬರೋ ಭಾನುವಾರ ಇಲ್ಲಿಗೇ ಕರ್ಕೊಂಡು ಬಂದ್ರೆ ಕಣ್ಣು ಬಿಡ್ತೀಯಾ?"

"ಒಂದು ಕಣ್ಣು ಬಿಡ್ತೀನಿ."

"ಹತ್ತು, ಹತ್ತು ಮೊದ್ಲು!" ಎಂದು ರೇಗುತ್ತಲೇ ಅವನು ಅವಳನ್ನು ಎತ್ತಿಕೊಂಡು ಬಸ್ಸು ಹತ್ತಿದ.