ಅಣ್ಣನ ಪಕ್ಕದ ಜಾಗ

ಕಿವಿ-ಗಂಟಲು ಡಾಕ್ಟರ ಕೋಣೆಯ ಹೊರಗೆ, ಮಗಳ ನೋಯುವ ಕಿವಿಯ ಮೇಲೆ ಅಂಗೈ ಇಟ್ಟು ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ತಾಯಿ ತೂಕಡಿಸುತ್ತಿದ್ದಳು. ಒಳಗಿನಿಂದ ಇಬ್ಬರು ಹೆಂಗಸರು ಬಂದು ಪಕ್ಕದಲ್ಲೇ ಉಸ್ಸಪ್ಪಾ ಎಂದು ಕೂತಾಗ ಅವಳಿಗೆ ಎಚ್ಚರವಾಯಿತು. ಹಿರಿಯಳ ಕತ್ತಿನಲ್ಲಿ ಆಪರೇಷನ್ನಿನ ಗಾಯ ಇನ್ನೂ ಕೆಂಪಗಿತ್ತು.

“ಗಡ್ಡೆ ಕೆಟ್ಟದ್ದಲ್ಲ ಅಂದ್ರಲ್ಲ ಅತ್ತಿಗೆ! ಹೋದ ಜೀವ ಬಂದಂಗಾಯ್ತು.”

“ದೇವರಿಗೆ ಸ್ತೋತ್ರ.” ದನಿ ಒಡೆದು ಗೊರಗೊರ ಎಂದಿತು.

“ಆದ್ರೆ ಮೇಲಿನ ಸ್ವರ ಇನ್ನು ಬರಲ್ವಂತೆ. ಚರ್ಚಲ್ಲಿ ಇಷ್ಟು ವರ್ಷ ಮುಂದೆ ನಿಂತು ಹಾಡಿದೋರು ನೀವು. ಬೇಜಾರಿಲ್ವಾ?”

“ಇತ್ತು. ಆಪರೇಷನ್ ಆದ ಮೊದಲ ಭಾನುವಾರ ಹಿಂದಿನ ಬೆಂಚಲ್ಲಿ ಕೂತು ಯೇಸಪ್ಪನ ಹತ್ರ ಜಗಳಾನೇ ಆಡ್ದೆ. ಅಷ್ಟರಲ್ಲಿ ಪಕ್ಕದಲ್ಲಿ ನಿಮ್ಮಣ್ಣ ಹಾಡೋಕೆ ಶುರು ಮಾಡಿದ್ರು.”

“ಅಣ್ಣ ಹಾಡ್ತಾನಾ? ಅಯ್ಯೋ ಪಾಪ, ಅಕ್ಕಪಕ್ಕದೋರು!”

“ಶ್ರುತಿ ಇಲ್ಲ, ತಾಳ ಇಲ್ಲ. ಕಣ್ಮುಚ್ಕೊಂಡು, ನನ್ನ ಪಾಲಿಂದೂ ಸೇರಿಸಿ ಹಾಡ್ತಿದ್ರು ಕಣೇ. ಇಷ್ಟು ದಿನ ನಂಗೆ ನನ್ನ ದನಿ ಬಿಟ್ರೆ ಬೇರೇನೂ ಕೇಳಿಸ್ತಾನೇ ಇರ್ಲಿಲ್ಲ. ದೇವರು ಇದನ್ನೂ ಕೊಟ್ಟಿದ್ದಾನಲ್ಲ ಅನ್ನಿಸ್ತು. ಜಗಳ ಅಲ್ಲಿಗೇ ಮುಗೀತು.”

“ಹಾಗಾದ್ರೆ ಪೂರ್ತಿ ವಾಸಿಯಾದ್ಮೇಲೂ ಮುಂದೆ ಹೋಗಲ್ವಾ?”

“ನಿಮ್ಮಣ್ಣನ ಪಕ್ಕಾನೇ ನಿಲ್ತೀನಿ. ಅವರಿಗೆ ಯಾರಾದ್ರೂ ಶ್ರುತಿ ಕೊಡ್ಬೇಕಲ್ಲ. ಅದಕ್ಕೆ ಕೆಳಗಿನ ಸ್ವರ ಸಾಕು.”

ನಾದಿನಿ ಜೋರಾಗಿ ನಕ್ಕಳು. ಅತ್ತಿಗೆ ಕತ್ತು ಹಿಡಿದುಕೊಂಡು ಸದ್ದಿಲ್ಲದೆ ನಕ್ಕಳು. ಇಬ್ಬರೂ ಎದ್ದು ಮೆಟ್ಟಿಲಿಳಿಯತೊಡಗಿದರು. ಅವರು ಕಾಣದಾದ ಮೇಲೂ ಆ ಗೊಗ್ಗರು ದನಿ ಏನನ್ನೋ ಮೆಲ್ಲಗೆ ಗುನುಗುತ್ತಿತ್ತು.

ಮಗಳಿಗೂ ಕೇಳಲೆಂದು ತಾಯಿ ಅವಳ ಕಿವಿಯ ಮೇಲಿಂದ ಕೈ ತೆಗೆದಳು.